ಉಪ್ಪು, ಸಕ್ಕರೆ ಮತ್ತು ಒಂದು ತೆಳು ಪೊರೆ

ಮಾವಿನಮಿಡಿಯ ಕಾಲ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾವ ಹೊಳೆಯಂಚಿನ ಮರದ ಮಿಡಿ ಚೆನ್ನ, ಯಾವುದರ ಸೊನೆಗೆ ಜೀರಿಗೆಯ ಪರಿಮಳ, ಯಾವುದು ವರ್ಷಗಟ್ಟಲೆ ಇಟ್ಟರೂ ಮೆತ್ತಗಾಗದು ಎಂಬ ಚರ್ಚೆಗೆ ಕೊನೆ ಮೊದಲಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಮೇಲಂತೂ ಮಾತಿಗೆ ಇನ್ನಷ್ಟು ಬಿಗುವು ಬಂದಿದೆ. ರುಚಿಯ ಪಂಚಾಯಿತಿಯನ್ನು ಬಲ್ಲವರಿಗೆ ಬಿಟ್ಟು ನಾನು ಆ ಭರಣಿಯೊಳಗಿನ ಉಪ್ಪಿನ ಬಗ್ಗೆ ನಾಲ್ಕು ಮಾತಾಡುತ್ತೇನೆ.

ಮಿಡಿಗೆ ಉಪ್ಪು ಹಾಕುವುದನ್ನು ನೀವು ನೋಡಿರುತ್ತೀರಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿದ ಮಿಡಿಯ ಒಂದು ಪದರ. ಅದರ ಮೇಲೆ ಹಿಡಿ ತುಂಬ ಹರಳುಪ್ಪು. ಮತ್ತೆ ಮಿಡಿ, ಮತ್ತೆ ಉಪ್ಪು. ಯಾರೂ ಒಂದು ತೊಟ್ಟು ನೀರು ಹಾಕುವುದಿಲ್ಲ. ಸೌಟಿನ ಪಸೆಯನ್ನೂ ಒರೆಸಿಯೇ ಒಳಗೆ ಬಿಡುತ್ತಾರೆ. ಕೆಲವು ದಿನ ಕಳೆದು ಮುಚ್ಚಳ ತೆಗೆದರೆ ಉಪ್ಪೆಲ್ಲ ಕರಗಿ ನೀರಾಗಿದೆ, ಮಿಡಿಗಳು ಆ ನೀರಿನಲ್ಲಿ ಮುಳುಗಿವೆ, ನುಣ್ಣಗಿದ್ದ ಸಿಪ್ಪೆ ಚಿರುಟಿಕೊಂಡಿದೆ. ಇಷ್ಟು ನೀರು ಬಂದದ್ದೆಲ್ಲಿಂದ? ಮಿಡಿಯ ಒಳಗಿನಿಂದಲೇ. ಸರಿ, ಹಾಗಾದರೆ ಇನ್ನೊಂದು ಪ್ರಶ್ನೆ. ನೀರು ಅಷ್ಟು ಸಲೀಸಾಗಿ ಹೊರಗೆ ಬಂತಲ್ಲ, ಉಪ್ಪು ಅಷ್ಟೇ ಸಲೀಸಾಗಿ ಒಳಗೆ ಹೋಗಿದ್ದರೆ ಮಿಡಿ ಚಿರುಟುತ್ತಲೇ ಇರಲಿಲ್ಲ. ಉಪ್ಪನ್ನು ತಡೆದು ನೀರನ್ನು ಬಿಟ್ಟದ್ದು ಯಾವುದು?

ತಡೆದದ್ದು ಜೀವಕೋಶದ ಪೊರೆ. ಮಿಡಿಯಲ್ಲಿ ಕೋಟ್ಯಂತರ ಜೀವಕೋಶಗಳಿವೆ, ಪ್ರತಿಯೊಂದಕ್ಕೂ ಒಂದು ಪೊರೆಯಿದೆ. ಆ ಪೊರೆ ನೀರಿಗೆ ದಾರಿ ಕೊಡುತ್ತದೆ, ಉಪ್ಪಿಗೆ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಾದಾಗ ನೀರು ಒಳಗಿನಿಂದ ಆ ಕಡೆಗೆ ಹರಿಯುತ್ತದೆ. ಶಾಲೆಯಲ್ಲಿ ಇದನ್ನು ಅಭಿಸರಣೆ ಎಂದು ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಉಪ್ಪಿನಕಾಯಿ ಕೆಡದೆ ಉಳಿಯುವುದರ ಗುಟ್ಟೂ ಇದೇ: ಭರಣಿಗೆ ಬಂದು ಬಿದ್ದ ಬ್ಯಾಕ್ಟೀರಿಯಾಕ್ಕೂ ಪೊರೆಯಿದೆ, ಅದರ ಒಡಲ ನೀರನ್ನೂ ಉಪ್ಪು ಹೀರುತ್ತದೆ. ದಿನ ಕಳೆದಂತೆ ಮಿಡಿಯ ಕೋಶಗಳು ಸಾಯುತ್ತವೆ, ಪೊರೆಗಳ ಕಾವಲು ಮುಗಿಯುತ್ತದೆ, ಆಮೇಲಷ್ಟೇ ಉಪ್ಪು ಒಳಗೆ ಇಳಿದು ತಿರುಳಿಗೆ ರುಚಿ ಹತ್ತುತ್ತದೆ.

ಪೊರೆಯ ದಪ್ಪ ಎಷ್ಟು ಗೊತ್ತೇ? ಏಳೆಂಟು ನ್ಯಾನೋಮೀಟರು. ಒಂದು ತಲೆಗೂದಲಿನ ದಪ್ಪಕ್ಕೆ ಸರಿಯಾಗಬೇಕಾದರೆ ಇಂಥ ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಅದು ಆಗಿರುವುದು ಮುಖ್ಯವಾಗಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳಿಂದ. ಈ ಅಣುವಿಗೆ ಒಂದು ತಲೆ, ಎರಡು ಬಾಲ. ಫಾಸ್ಫೇಟ್ ಇರುವ ತಲೆಗೆ ನೀರು ಒಗ್ಗುತ್ತದೆ. ಕೊಬ್ಬಿನಾಮ್ಲದ ಬಾಲಗಳಿಗೆ ನೀರು ಆಗದು. ಇವನ್ನು ನೀರಿಗೆ ಬಿಟ್ಟರೆ ತಮ್ಮಷ್ಟಕ್ಕೆ ತಾವೇ ಎರಡು ಸಾಲಾಗಿ ನಿಲ್ಲುತ್ತವೆ. ತಲೆಗಳೆಲ್ಲ ನೀರಿನ ಕಡೆ ಮುಖ ಮಾಡುತ್ತವೆ, ಬಾಲಗಳೆಲ್ಲ ನಡುವೆ ಅವಿತುಕೊಳ್ಳುತ್ತವೆ. ಅಂಚು ತೆರೆದಿದ್ದರೆ ಬಾಲಕ್ಕೆ ನೀರು ತಾಗುತ್ತದಲ್ಲ, ಹಾಗಾಗಿ ಇಡೀ ಹಾಳೆ ಮಡಿಚಿ ಗುಂಡಗೆ ಮುಚ್ಚಿಕೊಳ್ಳುತ್ತದೆ. ಯಾರೂ ಜೋಡಿಸಬೇಕಿಲ್ಲ, ಯಾರೂ ಹೊಲಿಯಬೇಕಿಲ್ಲ. ಸಂತಾನಹೀನತೆಯ ಚಿಕಿತ್ಸೆಯಲ್ಲಿ ವೈದ್ಯರು ಅಂಡಾಣುವಿನೊಳಕ್ಕೆ ಸೂಜಿ ಚುಚ್ಚಿ ವೀರ್ಯಾಣುವನ್ನು ಬಿಡುತ್ತಾರೆ. ಸೂಜಿ ಹೊರತೆಗೆದ ಮೇಲೆ ಅಂಡಾಣು ಸೋರಿ ಹೋಗದೆ ಉಳಿಯುವುದಕ್ಕೆ ಪೊರೆಯ ಈ ಕೂಡಿಕೊಳ್ಳುವ ಗುಣ ಬೇಕು.

2020ರಲ್ಲಿ ನಾವೆಲ್ಲ ಕೈ ತೊಳೆದದ್ದೇ ತೊಳೆದದ್ದು. ಬರಿಯ ಸೋಪು ಕೊರೊನಾ ವೈರಸ್ಸನ್ನು ಹೇಗೆ ಕೊಲ್ಲುತ್ತದೆ ಎಂದು ಆಗ ಬಹಳ ಜನ ಕೇಳುತ್ತಿದ್ದರು. ಆ ವೈರಸ್ಸಿನ ಹೊರಹೊದಿಕೆ ನಮ್ಮ ಜೀವಕೋಶದ ಒಳಗಿನ ಪೊರೆಗಳಿಂದ ಕದ್ದದ್ದು. ಅದೂ ಇದೇ ಕೊಬ್ಬಿನ ಎರಡು ಸಾಲು. ಸೋಪಿನ ಅಣುವಿಗೂ ನೀರು ಬೇಕೆನ್ನುವ ಒಂದು ತುದಿ, ಬೇಡವೆನ್ನುವ ಒಂದು ತುದಿ ಇದೆ. ಅದು ಸಾಲಿನೊಳಗೆ ನುಗ್ಗಿ ಪೊರೆಯನ್ನು ಚೂರು ಚೂರು ಮಾಡುತ್ತದೆ. ಪೊರೆ ಹರಿದ ಮೇಲೆ ಆ ವೈರಸ್ಸು ಸೋಂಕು ತಗುಲಿಸಲಾರದು.

ಪೊರೆಯನ್ನು ಅರಿಯುವ ಈ ವಿದ್ಯೆಯ ಒಂದು ಬೇರು ಅಡುಗೆಮನೆಯಲ್ಲೇ ಇದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಹೆಣ್ಣುಮಗಳಿದ್ದಳು. ಹುಟ್ಟಿದ್ದು 1862ರಲ್ಲಿ. ಅವಳ ಕಾಲಕ್ಕೆ ಅಲ್ಲಿನ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾಯಿಲೆಯ ತಂದೆತಾಯಿಯ ಶುಶ್ರೂಷೆ, ಅಡುಗೆ, ಪಾತ್ರೆ, ಇದೇ ಅವಳ ದಿನಚರಿ. ಜಿಡ್ಡಿನ ಪಾತ್ರೆ ತೊಳೆಯುವಾಗ ನೀರಿನ ಮೇಲೆ ಎಣ್ಣೆ ಹರಡುವುದನ್ನು ಎಲ್ಲರೂ ನೋಡುತ್ತಾರೆ, ಅವಳು ಅಳೆದಳು. 70 ಸೆಂಟಿಮೀಟರ್ ಉದ್ದದ ತಗಡಿನ ತೊಟ್ಟಿಯಲ್ಲಿ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಒಂದು ತಗಡಿನ ಪಟ್ಟಿ ಇಟ್ಟು, ಅದನ್ನು ಸರಿಸುತ್ತಾ ಎಣ್ಣೆಯ ಪದರವನ್ನು ಒತ್ತಿದಳು. ತಕ್ಕಡಿಗೆ ಒಂದು ಗುಂಡಿಯನ್ನು ತೂಗಿಬಿಟ್ಟು, ನೀರಿನ ಮೈಯಿಂದ ಅದನ್ನು ಎತ್ತಲು ಎಷ್ಟು ಬಲ ಬೇಕೆಂದು ಬರೆದಿಟ್ಟಳು. ವರ್ಷಗಟ್ಟಲೆ ಬರೆದಿಟ್ಟದ್ದನ್ನು 1891ರ ಜನವರಿಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಮಾಡಿ ಕಳಿಸಿದಳು. ರೇಲಿ ದೊಡ್ಡ ಮನುಷ್ಯ, ದೊಡ್ಡತನವನ್ನೇ ತೋರಿದ. ಅದನ್ನು ಇಂಗ್ಲಿಷಿಗೆ ತರಿಸಿ, ತನ್ನ ಶಿಫಾರಸು ಸೇರಿಸಿ 'ನೇಚರ್' ಪತ್ರಿಕೆಗೆ ಕೊಟ್ಟ. ಅದೇ ಮಾರ್ಚಿನಲ್ಲಿ ಅಚ್ಚಾಯಿತು. ಮುಂದೆ ಅಮೆರಿಕದ ಲ್ಯಾಂಗ್‌ಮ್ಯೂರ್ ಆ ತೊಟ್ಟಿಯನ್ನು ತಿದ್ದಿ, ನೀರಿನ ಮೇಲೆ ಕೊಬ್ಬು ಒಂದೇ ಅಣುವಿನ ದಪ್ಪಕ್ಕೆ ಹರಡುತ್ತದೆಂದು ತೋರಿಸಿದ. 1932ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ವರ್ಷ ಆಗ್ನೆಸಳ ಊರಿನ ತಾಂತ್ರಿಕ ವಿಶ್ವವಿದ್ಯಾನಿಲಯ ಅವಳಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವಳಿಗೆ ಎಪ್ಪತ್ತು ವರ್ಷ.

ಇಂಥ ತೊಟ್ಟಿಯಿಂದಲೇ ಪೊರೆಗೆ ಎರಡು ಸಾಲು ಎಂಬುದೂ ಗೊತ್ತಾಯಿತು. ಹಾಲೆಂಡಿನ ಲೈಡನ್ನಿನಲ್ಲಿ ಗಾರ್ಟರ್ ಎಂಬ ಮಕ್ಕಳ ವೈದ್ಯ ಮತ್ತು ಗ್ರೆಂಡೆಲ್ ಸೇರಿ 1925ರಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ಅಸಿಟೋನ್ ಹಾಕಿ ತೆಗೆದರು. ಅದನ್ನು ನೀರಿನ ಮೇಲೆ ಹರಡಿ ಅಳೆದರೆ, ಅಷ್ಟು ಕಣಗಳ ಮೈಯ ಒಟ್ಟು ವಿಸ್ತೀರ್ಣದ ಎರಡರಷ್ಟಾಯಿತು. ಅಂದಮೇಲೆ ಒಂದೊಂದು ಕಣದ ಮೇಲೂ ಎರಡು ಸಾಲು ಇರಲೇಬೇಕು. ಕೊಬ್ಬು ಪೂರ್ತಿ ಬಿಟ್ಟಿರಲಿಲ್ಲ, ಕಣದ ವಿಸ್ತೀರ್ಣವನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಯಾಗಿಯೇ ಬಂತು ಎಂದು ಆಮೇಲಿನವರು ಕಂಡುಕೊಂಡರು. ಆದರೂ ಆ ಇಬ್ಬರ ಯೋಚನೆಯ ಅಚ್ಚುಕಟ್ಟು ನನಗೆ ಇಂದಿಗೂ ಮೆಚ್ಚುಗೆ. ಪೊರೆಯನ್ನು ಕಣ್ಣಿಂದ ನೋಡುವ ಉಪಕರಣ ಹುಟ್ಟುವ ಮೊದಲೇ ಅದರ ರಚನೆಯನ್ನು ಲೆಕ್ಕದಿಂದ ಹಿಡಿದರು.

ಈ ಎರಡು ಸಾಲು ಗೋಡೆಯ ಹಾಗೆ ಅಲುಗದೆ ನಿಂತಿಲ್ಲ, ಹರಿದಾಡುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಸೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಪಕ್ಕದಲ್ಲೇ ಶೇಂಗಾ ಎಣ್ಣೆ ನೀರಾಗಿಯೇ ಇರುತ್ತದೆ. ನೇರವಾದ ಕೊಬ್ಬಿನ ಬಾಲಗಳು ಒತ್ತೊತ್ತಾಗಿ ಕೂತು ಬೇಗ ಹೆಪ್ಪುಗಟ್ಟುತ್ತವೆ, ನಡುವೆ ಸೊಟ್ಟಗಿರುವ ಬಾಲಗಳಿಗೆ ಹಾಗೆ ಕೂರಲಾಗುವುದಿಲ್ಲ. ಜೀವಕೋಶಗಳು ಎರಡು ಬಗೆಯನ್ನೂ ಬೆರೆಸಿ, ಪ್ರಾಣಿಗಳಲ್ಲಾದರೆ ಕೊಲೆಸ್ಟರಾಲನ್ನೂ ಸೇರಿಸಿ ಹದ ಕಾಯುತ್ತವೆ. ಕೊಲೆಸ್ಟರಾಲನ್ನು ನಾವು ಬೈಯುವುದೇ ಹೆಚ್ಚು. ಅದಿಲ್ಲದೆ ನಮ್ಮ ಒಂದು ಕೋಶವೂ ನಿಲ್ಲದು. ಹದ ತಪ್ಪಿದರೆ ಏನಾಗುತ್ತದೆಂದು ನೋಡಬೇಕೇ? ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಡಿ. ಬೆಚ್ಚಗಿನ ನಾಡಿನ ಆ ಹಣ್ಣಿನ ಪೊರೆ ತಣ್ಣಗಾದಾಗ ಬಿಗಿದು ಸೋರುತ್ತದೆ, ಬೇರೆಬೇರೆ ಕೋಣೆಗಳಲ್ಲಿದ್ದ ರಸಗಳು ಬೆರೆಯುತ್ತವೆ, ಸಿಪ್ಪೆ ಕಪ್ಪಾಗುತ್ತದೆ.

ಪೊರೆಯಲ್ಲಿ ಕೊಬ್ಬಿನ ಜೊತೆಗೆ ಪ್ರೋಟೀನುಗಳೂ ನಾಟಿಕೊಂಡಿವೆ. ಅವೂ ಓಡಾಡುತ್ತವೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಎಂಬಿಬ್ಬರು ಮನುಷ್ಯನ ಒಂದು ಕೋಶವನ್ನೂ ಇಲಿಯ ಒಂದು ಕೋಶವನ್ನೂ ಬೆಸೆದು ಒಂದೇ ಕೋಶ ಮಾಡಿದರು. ಇಲಿಯ ಪ್ರೋಟೀನಿಗೆ ಹಸಿರು ಬಣ್ಣ, ಮನುಷ್ಯನದಕ್ಕೆ ಕೆಂಪು. ಮೊದಲಿಗೆ ಅರ್ಧ ಹಸಿರು, ಅರ್ಧ ಕೆಂಪು. ಮೈಬಿಸಿಯಲ್ಲಿ ನಲವತ್ತು ನಿಮಿಷ ಇಟ್ಟಾಗ ಎರಡೂ ಪೂರ್ತಿ ಬೆರೆತಿದ್ದವು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಇವನ್ನೆಲ್ಲ ಕೂಡಿಸಿ 'ದ್ರವ ಮೊಸಾಯಿಕ್' ಮಾದರಿ ಕೊಟ್ಟರು. ಪಠ್ಯಪುಸ್ತಕದಲ್ಲಿ ಇವತ್ತಿಗೂ ಇರುವುದು ಅದೇ. ಅಲ್ಲಿಗೆ ಕಥೆ ಮುಗಿಯಲಿಲ್ಲ. ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್, ಭೌತವಿಜ್ಞಾನಿ ಮದನ್ ರಾವ್ ಅವರ ಜೊತೆಗೂಡಿ, ಪೊರೆಯ ಕೆಲವು ಪ್ರೋಟೀನುಗಳು ಬೆರಳೆಣಿಕೆಯ ಪುಟ್ಟ ಗುಂಪುಗಳಲ್ಲಿರುತ್ತವೆ, ಕೋಶದೊಳಗಿನ ಆಕ್ಟಿನ್ ಎಳೆಗಳು ಅವನ್ನು ಹಾಗೆ ಕೂಡಿಸುತ್ತವೆ ಎಂದು ತೋರಿಸಿದರು. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರೆಲ್ಲ ಆ ಆವರಣದ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇನ್ನು ಸಾಗಣೆಯ ವಿಷಯ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಇವು ಕೊಬ್ಬಿನ ಪದರವನ್ನು ಹಾಗೇ ದಾಟುತ್ತವೆ. ಸಕ್ಕರೆಗೂ ಉಪ್ಪಿನ ಅಯಾನುಗಳಿಗೂ ಆ ಸೌಲಭ್ಯವಿಲ್ಲ, ಪ್ರೋಟೀನು ದಾರಿ ಮಾಡಿಕೊಡಬೇಕು. ನೀರು ಪದರದ ಮೂಲಕ ಒಂದಿಷ್ಟು ಜಿನುಗುತ್ತದೆ, ಆದರೆ ಅದು ಸಾಲದೆಂಬ ಕಡೆ ಅದಕ್ಕೂ ಬೇರೆ ದಾರಿಯಿದೆ. ಈ ದಾರಿಯನ್ನು ಕಂಡವನು ಪೀಟರ್ ಆಗ್ರೆ. ಅವನು ಹುಡುಕುತ್ತಿದ್ದದ್ದು ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು. ಅದರ ಜೊತೆ ಬೇಡದ ಇನ್ನೊಂದು ಪ್ರೋಟೀನು ಬಂದು ಬಂದು ಕಾಡುತ್ತಿತ್ತು. ಅದನ್ನು ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿ ಮೊಟ್ಟೆಯನ್ನು ನೀರಿಗೆ ಬಿಟ್ಟಾಗ, ಸಾಮಾನ್ಯವಾಗಿ ಏನೂ ಆಗದ ಮೊಟ್ಟೆ ಕೆಲವೇ ನಿಮಿಷದಲ್ಲಿ ಉಬ್ಬಿ ಒಡೆಯಿತು. 1992ರ ಮಾತು ಅದು. 2003ರಲ್ಲಿ ನೊಬೆಲ್ ಬಂತು. ಅಕ್ವಾಪೊರಿನ್ ಎಂಬ ಈ ಕಿರುದಾರಿಯಲ್ಲಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ, ಸೆಕೆಂಡಿಗೆ ನೂರಾರು ಕೋಟಿ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಇಂಥ ದಾರಿಗಳಿರುವುದರಿಂದಲೇ.

ಕೆಲವು ದಾರಿಗಳು ಕರೆದಾಗ ಮಾತ್ರ ಮೇಲೆ ಬರುತ್ತವೆ. ಸಕ್ಕರೆಯನ್ನು ಸ್ನಾಯುವಿನೊಳಗೆ ಬಿಡುವ ಪ್ರೋಟೀನು ಸುಮ್ಮನಿದ್ದಾಗ ಕೋಶದ ಒಳಗೇ ಇರುತ್ತದೆ. ಇನ್ಸುಲಿನ್ ಬಂದು ಹೇಳಿದಾಗ ಪೊರೆಗೆ ಬಂದು ಸೇರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ಕರೆ ಮುಟ್ಟುವುದಿಲ್ಲ ಅಥವಾ ಕೇಳುವುದಿಲ್ಲ. ಆದರೆ ಸ್ನಾಯು ಕೆಲಸ ಮಾಡಿದಾಗ ಅದೇ ಪ್ರೋಟೀನು ಇನ್ಸುಲಿನ್ನಿನ ಹಂಗಿಲ್ಲದೆಯೂ ಮೇಲೆ ಬರುತ್ತದೆ. ಊಟವಾದ ಮೇಲೆ ನಡೆಯಿರಿ ಎಂದು ವೈದ್ಯರು ಹೇಳುವುದರ ಹಿಂದೆ ಇಷ್ಟು ಗಟ್ಟಿ ಕಾರಣವಿದೆ.

ಎಲ್ಲಕ್ಕಿಂತ ಹೆಚ್ಚು ದುಡಿಯುವ ಪ್ರೋಟೀನು ಬೇರೆಯೇ ಇದೆ. ಆಸ್ಪತ್ರೆಯ ರಕ್ತದ ರಿಪೋರ್ಟಿನಲ್ಲಿ ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಎಂದು ಅಚ್ಚಾಗಿರುತ್ತದೆ. ಜೀವಕೋಶದ ಒಳಗೆ ಇದು ತಿರುಗುಮುರುಗು: ಸೋಡಿಯಂ ಹತ್ತು ಪಟ್ಟು ಕಡಿಮೆ, ಪೊಟ್ಯಾಸಿಯಂ ಮೂವತ್ತು ಪಟ್ಟು ಹೆಚ್ಚು. ಈ ವ್ಯತ್ಯಾಸ ತಾನಾಗಿ ಉಳಿಯುವಂಥದ್ದಲ್ಲ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ಕಾಲಿನ ನರದಲ್ಲಿ ಕಂಡ ಪಂಪು ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಮ್ಮನ್ನು ಹೊರಕ್ಕೂ ಎರಡು ಪೊಟ್ಯಾಸಿಯಮ್ಮನ್ನು ಒಳಕ್ಕೂ ಸಾಗಿಸುತ್ತದೆ. ನಾವು ಸುಮ್ಮನೆ ಮಲಗಿದ್ದಾಗಲೂ ಮೈಯ ಶಕ್ತಿಯ ಸುಮಾರು ಐದರಲ್ಲೊಂದು ಪಾಲು ಇದಕ್ಕೇ ಹೋಗುತ್ತದೆ. ಮೋಟರು ಹಾಕಿ ತಾರಸಿಯ ಟ್ಯಾಂಕು ತುಂಬಿಸಿದ ಮೇಲೆ ನಲ್ಲಿ ತಿರುಗಿಸಿದರೆ ಸಾಕು ನೀರು ಬರುತ್ತದಲ್ಲ, ಹಾಗೆಯೇ ಈ ಪಂಪು ಹೊರಗೆ ಕೂಡಿಟ್ಟ ಸೋಡಿಯಂ ಒಳಗೆ ನುಗ್ಗುವ ಭರದಲ್ಲಿ ಇನ್ನೆಷ್ಟೋ ಕೆಲಸ ನಡೆಯುತ್ತದೆ. ನರದ ಸಂದೇಶ, ಹೃದಯದ ಬಡಿತ, ಕರುಳಿನಲ್ಲಿ ಸಕ್ಕರೆಯ ಹೀರಿಕೆ, ಎಲ್ಲವೂ.

ದೇವಸ್ಥಾನದ ಹೂದೋಟದಲ್ಲೆಲ್ಲ ಕಣಗಿಲೆ ಇರುತ್ತದೆ. ಹೂವು ಪೂಜೆಗೆ, ಎಲೆ ಮಾತ್ರ ದನ ತಿನ್ನದಂತೆ ನೋಡಿಕೊಳ್ಳಿ ಎಂದು ಹಿರಿಯರು ಹೇಳುತ್ತಿದ್ದರು. ಕಣಗಿಲೆಯ ವಿಷ ಹಿಡಿಯುವುದು ಇದೇ ಪಂಪನ್ನು. ಪಂಪು ನಿಂತರೆ ಹೃದಯದ ತಾಳ ತಪ್ಪುತ್ತದೆ. ಹೃದ್ರೋಗಿಗಳಿಗೆ ಅಳೆದು ಕೊಡುವ ಡಿಗಾಕ್ಸಿನ್ ಗುಳಿಗೆಯೂ ಹಿಡಿಯುವುದು ಅದನ್ನೇ. ಅದರ ಮೂಲ ಡಿಜಿಟಾಲಿಸ್ ಗಿಡ, ಇಂಗ್ಲೆಂಡಿನ ವಿದರಿಂಗ್ 1785ರಲ್ಲೇ ಅದರ ಮದ್ದಿನ ಗುಣವನ್ನು ಬರೆದಿಟ್ಟಿದ್ದ. ಪಂಪು ಒಂದು ಇದೆಯೆಂದೇ ಆಗ ಯಾರಿಗೂ ತಿಳಿದಿರಲಿಲ್ಲ.

ಈಗ ನಾನು ಹೇಳಲೇಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ. ಕಾಲರಾ ಬಂದವರು ತಾಸಿಗೆ ಒಂದು ಲೀಟರಿನವರೆಗೂ ನೀರು ಕಳೆದುಕೊಳ್ಳಬಲ್ಲರು, ಒಂದೇ ದಿನದಲ್ಲಿ ಪ್ರಾಣ ಹೋಗಬಹುದು. ಕೋಲ್ಕತ್ತದ ಶಂಭುನಾಥ್ ಡೇ 1959ರಲ್ಲಿ ಇದಕ್ಕೆಲ್ಲ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಕಾರಣ ಎಂದು ತೋರಿಸಿದರು. ಆ ವಿಷ ಕರುಳಿನ ಕೋಶದ ಪೊರೆಯ ಮೇಲಿನ ಒಂದು ಕೊಬ್ಬಿನ ಅಣುವನ್ನು ಹಿಡಿದುಕೊಂಡು ಒಳಗಿಳಿಯುತ್ತದೆ, ಕ್ಲೋರೈಡಿನ ದಾರಿಗಳನ್ನು ತೆರೆದೇ ಇಡುವಂತೆ ಮಾಡುತ್ತದೆ. ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಹಿಂದೆಯೇ ಸೋಡಿಯಂ, ಅದರ ಹಿಂದೆ ನೀರು. ಬರಿಯ ಉಪ್ಪುನೀರು ಕುಡಿಸಿದರೆ ಅದೂ ಹೊರಗೆ ಹೋಗುತ್ತದೆ. ಆದರೆ ಅದೇ ಪೊರೆಯಲ್ಲಿ ಆ ವಿಷ ಮುಟ್ಟದ ಇನ್ನೊಂದು ಪ್ರೋಟೀನಿದೆ. ಅದು ಒಂದು ಗ್ಲೂಕೋಸಿನ ಜೊತೆ ಎರಡು ಸೋಡಿಯಮ್ಮನ್ನು ಒಟ್ಟಿಗೇ ಒಳಗೆ ತರುತ್ತದೆ. ಒಂದಿಲ್ಲದೆ ಇನ್ನೊಂದಿಲ್ಲ. ಉಪ್ಪೂ ಸಕ್ಕರೆಯೂ ಒಳಗೆ ಬಂದರೆ ನೀರು ತಾನಾಗಿ ಬರುತ್ತದೆ. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ವಿವರಿಸಿದ. 1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಎಂಬ ಯುವ ವೈದ್ಯರು ಕಾಲರಾ ರೋಗಿಗಳಿಗೆ ಗ್ಲೂಕೋಸು, ಉಪ್ಪು ಬೆರೆಸಿದ ನೀರು ಕುಡಿಸಿ ಫಲ ಕಂಡರು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂದು ಲೆಕ್ಕ ಹಾಕಿ, ಕೋಲ್ಕತ್ತದಲ್ಲಿ ಪೊಟ್ಟಣ ಕಟ್ಟಿಸಿ ತರಿಸಿದರು. ಡ್ರಮ್ಮುಗಳಲ್ಲಿ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕೂ ಕೆಳಗಿಳಿಯಿತು. 'ಲ್ಯಾನ್ಸೆಟ್' ಪತ್ರಿಕೆ 1978ರಲ್ಲಿ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದೆಂದು ಬರೆಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಉಪ್ಪು ಸಕ್ಕರೆಯ ಅಳತೆ ಇಲ್ಲಿ ಬಾಯಿರುಚಿಗೆ ಬಿಟ್ಟದ್ದಲ್ಲ. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲೇ ಉಳಿದು ಮೈಯ ನೀರನ್ನೇ ತನ್ನ ಕಡೆಗೆ ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ, ಒಆರ್‌ಎಸ್ ಎಂದು ಕರೆಯುವ ಈ ಮಿಶ್ರಣದ ಗ್ಲೂಕೋಸನ್ನು ಲೀಟರಿಗೆ 13.5 ಗ್ರಾಮಿಗೆ, ಉಪ್ಪನ್ನು 2.6 ಗ್ರಾಮಿಗೆ ಇಳಿಸಿತು. ಹೆಸರಿನಲ್ಲಿ ಒಆರ್‌ಎಸ್ ಎಂದಿಟ್ಟುಕೊಂಡು ಸಿಹಿ ಪಾನೀಯ ಮಾರುವುದಕ್ಕೆ 2025ರ ಅಕ್ಟೋಬರಿನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ತಡೆ ಹಾಕಿದ್ದು ಸರಿಯಾಗಿಯೇ ಇದೆ. ಭೇದಿಯಾದಾಗ ಉಪ್ಪು ಹಾಕಿದ ಗಂಜಿ ಕುಡಿಸುತ್ತಿದ್ದ ನಮ್ಮ ಅಜ್ಜಿಯರ ಕ್ರಮವೂ ಸರಿಯಾದದ್ದೇ: ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆದು ಉಪ್ಪಿಗೆ ಜೊತೆಯಾಗುತ್ತದೆ.

ಹಾಗಾಗಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಒಂದೆರಡು ಒಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಉಚಿತವಾಗಿಯೂ ಸಿಗುತ್ತದೆ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಶುದ್ಧ ನೀರು ಒಂದು ಲೀಟರ್ ಅಳೆದು ಇಡೀ ಪೊಟ್ಟಣ ಸುರಿಯಿರಿ, ಲೋಟಕ್ಕೊಂದು ಚಿಟಿಕೆ ಎಂಬ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗುವಿಗೆ ಭೇದಿ ಶುರುವಾದ ಮೊದಲ ಸಲಕ್ಕೇ ಕೊಡಲು ಶುರುಮಾಡಿ, ಚಮಚ ಚಮಚವಾಗಿ ಕುಡಿಸಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ ಕುಡಿಸುತ್ತಲೇ ಇರಿ.